ಎರಡೆಳೆಯ ಸುರುಳಿ: ಡಿ.ಎನ್.ಎ. ರಚನೆಯ ಶೋಧಕಥನ ಮತ್ತು ಅದರ ಬೆಂಗಳೂರು ಅಧ್ಯಾಯ

ಜನಪದ ಕಥನಗಳ ರಚನೆಯನ್ನು ಕುರಿತು ಡೆನ್ಮಾರ್ಕಿನ ವಿದ್ವಾಂಸ ಆಕ್ಸೆಲ್ ಓಲ್ರಿಕ್ 1909ರಲ್ಲಿ ಮಂಡಿಸಿದ ನಿಯಮಗಳು ಜಾನಪದ ಅಭ್ಯಾಸಿಗಳಿಗೆ ಪರಿಚಿತವಾದವು. ಕಥೆಯ ಒಂದು ಸನ್ನಿವೇಶದಲ್ಲಿ ಏಕಕಾಲಕ್ಕೆ ಇಬ್ಬರಿಗಿಂತ ಹೆಚ್ಚು ಪಾತ್ರಗಳು ಕ್ರಿಯಾಶೀಲವಾಗಿರುವುದಿಲ್ಲ. ಕಥನ ಒಂದೇ ಎಳೆಯಲ್ಲಿ ಮುಂದೆ ಸಾಗುತ್ತದೆಯೇ ಹೊರತು ಬಿಟ್ಟುಹೋದುದನ್ನು ಹೇಳಲು ಹಿಂದಕ್ಕೆ ಮರಳುವುದಿಲ್ಲ. ಸಂಗತಿಗಳೆಲ್ಲ ಮುಖ್ಯಪಾತ್ರದ ಸುತ್ತ ಕೇಂದ್ರೀಕರಣಗೊಳ್ಳುತ್ತವೆ ಎಂಬವು ಅವುಗಳಲ್ಲಿ ಮುಖ್ಯವಾದವು. ಮೌಖಿಕ ಪರಂಪರೆಯ ಕಥೆಗಳನ್ನು ಲಕ್ಷಿಸಿ ರೂಪುಗೊಂಡ ಈ ನಿಯಮಗಳು ಆಧುನಿಕ ವಿಜ್ಞಾನದ ಶೋಧಕಥನಗಳಿಗೂ ಅಷ್ಟೇ ಸಮರ್ಪಕವಾಗಿ ಅನ್ವಯಿಸುತ್ತವೆ. ನ್ಯೂಟನ್ನನ ಸೇಬು, ಆರ್ಕಿಮಿಡೀಸನ ಸ್ನಾನದ ತೊಟ್ಟಿ ಇವು ಪಠ್ಯಪುಸ್ತಕದ ಮೂಲಕ ಬಂದರೂ ಹರಡಿದ್ದು ಬಾಯಿಂದ ಬಾಯಿಗೆ. ಇಪ್ಪತ್ತನೆಯ ಶತಮಾನದಲ್ಲಿ ಇಂತಹ ಐತಿಹ್ಯದ ಸ್ವರೂಪವನ್ನು ಪಡೆದುಕೊಂಡ ಅತಿ ದೊಡ್ಡ ವೈಜ್ಞಾನಿಕ ಘಟನೆಯೆಂದರೆ ಡಿ.ಎನ್.ಎ. ಅಣುವಿನ ರಚನೆಯ ಶೋಧ. ಕೇಂಬ್ರಿಜಿನ ಇಬ್ಬರು 1953ರಲ್ಲಿ ಒಂದು ಛಾಯಾಚಿತ್ರ ನೋಡಿದರು, ತಂತಿ ತಗಡುಗಳಿಂದ ಮಾದರಿ ಕಟ್ಟಿದರು, ಜೀವದ ಗುಟ್ಟು ಬಯಲಾಯಿತು ಎಂಬ ರೂಪದಲ್ಲಿ ಈ ಕಥೆ ಇಂದು ಪ್ರಚಾರದಲ್ಲಿದೆ. ಎರಡು ಎಳೆಗಳ ಅಣುವಿನ ಕಥೆಯನ್ನು ಲೋಕವು ಒಂದೇ ಎಳೆಯಲ್ಲಿ ಹೇಳಿಕೊಂಡು ಬಂದಿದೆ.

ಈ ಕಥೆಯಲ್ಲಿ ಕಳಚಿಹೋದ ಎಳೆಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅವುಗಳಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಎಂಬ ವಿಜ್ಞಾನಿಯ ಎಳೆಯನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಇನ್ನೊಂದು ಎಳೆಯ ವಿಷಯ ಕನ್ನಡ ಓದುಗರಿಗೂ ಅಷ್ಟಾಗಿ ತಲುಪಿಲ್ಲ. 1953ರಲ್ಲಿ ಪ್ರಕಟವಾದದ್ದು ಒಂದು ಮಾದರಿ, ಅರ್ಥಾತ್ ಅತ್ಯಂತ ಸಮರ್ಥವಾದ ಒಂದು ಊಹೆ. ಅದು ಪ್ರಮಾಣೀಕೃತ ಸತ್ಯವಾಗಲು ಇನ್ನೂ ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಅವಧಿಯ ಕೊನೆಯ ಘಟ್ಟದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಜನರ ಮಾತಿನ ಟಾಟಾ ಇನ್‌ಸ್ಟಿಟ್ಯೂಟ್, ಮಾದರಿಯನ್ನು ಪ್ರಶ್ನಿಸಿದ ಸ್ಥಳವೂ ಆಗಿತ್ತು, ಅದಕ್ಕೆ ಸಾಕ್ಷ್ಯ ಒದಗಿಸಿದವರ ಸ್ಥಳವೂ ಆಗಿತ್ತು.

ಹಗ್ಗದ ನಿದರ್ಶನ

ಚರ್ಚೆಗೆ ತೊಡಗುವ ಮುನ್ನ ಅಣುವಿನ ಸ್ವರೂಪವನ್ನು ತಿಳಿದುಕೊಳ್ಳಬೇಕು. ಇದಕ್ಕೆ ಪ್ರಯೋಗಾಲಯದ ಮಾದರಿಗಿಂತ ಕತ್ತದ ಹಗ್ಗ ಹೆಚ್ಚು ಉಪಯುಕ್ತವಾದ ನಿದರ್ಶನವೆಂದು ನನ್ನ ಭಾವನೆ. ಗುಬ್ಬಿ ತಾಲ್ಲೂಕಿನ ನಿಟ್ಟೂರು ಸೀಮೆ ತೆಂಗಿನ ನಾಡು. ಕಾಯಿ ಸುಲಿದ ಮಟ್ಟೆಯನ್ನು ನೀರಿನಲ್ಲಿ ನೆನೆಹಾಕಿ, ಬಡಿದು, ನಾರು ಬಿಡಿಸಿ ಹಗ್ಗ ಹೊಸೆಯುವ ವಿದ್ಯೆ ಇಲ್ಲಿನ ಹಿರಿಯ ತಲೆಮಾರಿಗೆ ಕರಗತವಾಗಿತ್ತು. ನಾರಿನ ಒಂದು ಎಳೆಯನ್ನು ಅಂಗೈಗಳ ನಡುವೆ ಒಂದು ದಿಕ್ಕಿಗೆ ಹೊಸೆದು ಹುರಿ ಏರಿಸುತ್ತಾರೆ. ಇನ್ನೊಂದು ಎಳೆಯನ್ನೂ ಅದೇ ದಿಕ್ಕಿಗೆ ಹೊಸೆಯುತ್ತಾರೆ. ಎರಡನ್ನೂ ಜೊತೆಗೂಡಿಸಿದಾಗ ಅವು ತಮ್ಮ ಹುರಿಯನ್ನು ಕಳೆದುಕೊಳ್ಳುವ ಸೆಳೆತದಲ್ಲಿ ವಿರುದ್ಧ ದಿಕ್ಕಿಗೆ ಒಂದನ್ನೊಂದು ಸುತ್ತಿಕೊಳ್ಳುತ್ತವೆ. ಹಗ್ಗ ಬಿಚ್ಚಿಹೋಗದೆ ನಿಲ್ಲುವುದು ಈ ಎರಡು ವಿರುದ್ಧ ಹುರಿಗಳ ಸಮತೋಲದಿಂದ.

ಹಗ್ಗ ಹೊಸೆಯುವವನು ಎರಡು ಸಂಗತಿಗಳನ್ನು ಅನುಭವದಿಂದ ಬಲ್ಲ. ಒಂದು, ಹಗ್ಗದ ಹುರಿಗೆ ಬಲ ಅಥವಾ ಎಡ ಎಂಬ ದಿಕ್ಕು ಇದ್ದೇ ಇರುತ್ತದೆ. ಹಗ್ಗವನ್ನು ತಲೆಕೆಳಗು ಮಾಡಿ ಹಿಡಿದರೂ ಅದು ಬದಲಾಗದು. ಎರಡು, ಒಂದನ್ನೊಂದು ಸುತ್ತಿಕೊಂಡ ಎಳೆಗಳನ್ನು ನೇರವಾಗಿ ಎಳೆದು ಬೇರ್ಪಡಿಸಲಾಗದು. ಸುತ್ತುಗಳನ್ನು ಒಂದೊಂದಾಗಿ ಬಿಚ್ಚಲೇಬೇಕು. ಹಗ್ಗದ ಎರಡೂ ತುದಿಗಳನ್ನು ಗೂಟಕ್ಕೆ ಬಿಗಿದು ನಡುವೆ ಎಳೆಗಳನ್ನು ಅಗಲಿಸಹೊರಟರೆ ಅಕ್ಕಪಕ್ಕದ ಭಾಗದಲ್ಲಿ ಹುರಿ ಏರಿ ಹಗ್ಗ ಗಂಟುಗಂಟಾಗಿ ತಿರುಚಿಕೊಳ್ಳುತ್ತದೆ. ಈ ಎರಡನೆಯ ಸಂಗತಿಯೇ ಮುಂದೆ ಬೆಂಗಳೂರಿನ ವಾದಕ್ಕೆ ಮೂಲವಾಯಿತಾದ್ದರಿಂದ ಅದನ್ನು ನೆನಪಿನಲ್ಲಿಡಬೇಕು.

ಡಿ.ಎನ್.ಎ. ಅಣುವೂ ಇಂತಹ ಎರಡೆಳೆಯ ಹುರಿ. ಪ್ರತಿಯೊಂದು ಎಳೆಯ ಬೆನ್ನೆಲುಬು ಸಕ್ಕರೆ ಮತ್ತು ಫಾಸ್ಫೇಟುಗಳ ಸರಣಿ. ಅದರಿಂದ ಒಳಮುಖವಾಗಿ ಚಾಚಿಕೊಂಡಿರುವವು ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕು ಬಗೆಯ ಪ್ರತ್ಯಾಮ್ಲಗಳು. ಒಂದು ಎಳೆಯ ಅಡೆನಿನ್ನಿಗೆ ಎದುರು ಎಳೆಯಲ್ಲಿ ಥೈಮಿನ್, ಗ್ವಾನಿನ್ನಿಗೆ ಎದುರು ಸೈಟೊಸಿನ್ ಜೊತೆಯಾಗುತ್ತವೆ. ಈ ಜೊತೆಗಳನ್ನು ಹಿಡಿದಿಡುವುದು ಜಲಜನಕ ಬಂಧಗಳು. ಎಳೆಗಳು ಪರಸ್ಪರ ವಿರುದ್ಧಮುಖವಾಗಿ ಸಾಗುತ್ತವೆ, ಒಂದರ ತಲೆಯ ಬಳಿ ಇನ್ನೊಂದರ ಬುಡ. ಮಿಲಿಮೀಟರಿನ ಒಂದು ಕೋಟಿಯಲ್ಲಿ ಒಂದು ಪಾಲಿಗೆ ಆಂಗ್‌ಸ್ಟ್ರಾಂ ಎಂದು ಹೆಸರು. ಈ ಹುರಿಯ ಅಡ್ಡಗಲ ಸುಮಾರು 20 ಆಂಗ್‌ಸ್ಟ್ರಾಂ, ಜೊತೆಯಿಂದ ಜೊತೆಗೆ ಇರುವ ಅಂತರ 3.4 ಆಂಗ್‌ಸ್ಟ್ರಾಂ, 1953ರ ಮಾದರಿಯಂತೆ ಒಂದು ಸುತ್ತಿಗೆ 10 ಜೊತೆಗಳು. ಸಾಮಾನ್ಯ ತಿರುಪು ಮೊಳೆಯ ಹಾಗೆ ಇದು ಬಲಗೈ ಸುರುಳಿ.

ಇಲ್ಲಿ ಪದಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ‘ಬಲಮುರಿ’ ಎಂಬ ಸೊಗಸಾದ ಕನ್ನಡ ಶಬ್ದವನ್ನು ಈ ಸಂದರ್ಭದಲ್ಲಿ ಬಳಸಬಹುದಿತ್ತು. ಆದರೆ ಪೂಜೆಗೆ ಶ್ರೇಷ್ಠವೆಂದು ಬಗೆಯುವ ಬಲಮುರಿ ಶಂಖವನ್ನು ಪ್ರಾಣಿಶಾಸ್ತ್ರಜ್ಞರು ಎಡಸುರುಳಿಯದೆಂದು ವರ್ಗೀಕರಿಸುತ್ತಾರೆ. ಶಂಖವನ್ನು ಹಿಡಿದು ನೋಡುವ ತುದಿ ಬೇರೆಯಾದುದರಿಂದ ಎರಡು ಪರಂಪರೆಗಳ ಬಲ ಎಡಗಳು ಅದಲುಬದಲಾಗಿವೆ. ಇದೇ ರೀತಿ ನಾಗರಕಲ್ಲುಗಳಲ್ಲಿ ಹೆಣೆದುಕೊಂಡಿರುವ ಜೋಡಿ ಸರ್ಪಗಳನ್ನು ತೋರಿಸಿ ನಮ್ಮ ಪೂರ್ವಿಕರಿಗೆ ಡಿ.ಎನ್.ಎ. ತಿಳಿದಿತ್ತೆಂದು ವಾದಿಸುವವರೂ ಉಂಟು. ಆಕೃತಿಯ ಸಾಮ್ಯ ಜ್ಞಾನದ ಸಾಕ್ಷ್ಯವಾಗಲಾರದು. ನಾಗರಕಲ್ಲಿಗೆ ಸಂತಾನ, ಫಲವಂತಿಕೆ, ಭೂಮಿಗಳೊಂದಿಗೆ ತನ್ನದೇ ಆದ ಸಂಬಂಧವಿದೆ; ಅದರ ಮಹತ್ವಕ್ಕೆ ಕೇಂಬ್ರಿಜಿನ ಮುದ್ರೆ ಬೇಕಾಗಿಲ್ಲ.

ಕಥೆಯ ಪೂರ್ವಭಾಗ

1869ರಲ್ಲಿ ಜರ್ಮನಿಯ ಟ್ಯೂಬಿಂಗನ್ ನಗರದಲ್ಲಿ ಫ್ರೀಡ್‌ರಿಶ್ ಮೀಶರ್ ಎಂಬ ತರುಣ ವೈದ್ಯ ಗಾಯದ ಪಟ್ಟಿಗಳ ಕೀವಿನಲ್ಲಿದ್ದ ಜೀವಕೋಶಗಳಿಂದ ರಂಜಕಯುಕ್ತವಾದ ಒಂದು ಪದಾರ್ಥವನ್ನು ಬೇರ್ಪಡಿಸಿ ಅದನ್ನು ನ್ಯೂಕ್ಲೀನ್ ಎಂದು ಕರೆದನು. ಅದಕ್ಕೂ ಆನುವಂಶೀಯತೆಗೂ ನಂಟಿದೆಯೆಂಬುದು ಸ್ಪಷ್ಟವಾಗಲು ಮುಕ್ಕಾಲು ಶತಮಾನ ಬೇಕಾಯಿತು. 1944ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಏವರಿ, ಮ್ಯಾಕ್ಲಿಯಾಡ್, ಮ್ಯಾಕಾರ್ಟಿಯವರು ಒಂದು ಬಗೆಯ ಬ್ಯಾಕ್ಟೀರಿಯದ ಗುಣವನ್ನು ಇನ್ನೊಂದಕ್ಕೆ ವರ್ಗಾಯಿಸುವ ವಸ್ತು ಡಿ.ಎನ್.ಎ. ಎಂದು ತೋರಿಸಿದರು, 1952ರಲ್ಲಿ ಹರ್ಷಿ ಮತ್ತು ಮಾರ್ಥಾ ಚೇಸ್ ವೈರಾಣುಗಳ ಪ್ರಯೋಗದಿಂದ ಅದಕ್ಕೆ ಬಲ ತಂದರು. ಅಡೆನಿನ್ ಮತ್ತು ಥೈಮಿನ್‌ಗಳ ಪ್ರಮಾಣ, ಗ್ವಾನಿನ್ ಮತ್ತು ಸೈಟೊಸಿನ್‌ಗಳ ಪ್ರಮಾಣ ಸರಿಸಮವಾಗಿರುತ್ತವೆ ಎಂಬುದನ್ನು ಎರ್ವಿನ್ ಚಾರ್ಗಾಫ್ 1950ರ ಹೊತ್ತಿಗೆ ಕಂಡುಕೊಂಡಿದ್ದರು. ಜೊತೆಗೂಡುವಿಕೆಯ ಸೂಚನೆ ಆ ಅಂಕಿಗಳಲ್ಲೇ ಅಡಗಿತ್ತು.

ಅಣುವಿನ ಆಕಾರವನ್ನು ತಿಳಿಯಲು ಇದ್ದ ಸಾಧನ ಕ್ಷ-ಕಿರಣ ವಿವರ್ತನೆ. ಕ್ರಮಬದ್ಧವಾದ ವಸ್ತುವಿನ ಮೂಲಕ ಕ್ಷ-ಕಿರಣ ಹಾಯಿಸಿದಾಗ ಫಲಕದ ಮೇಲೆ ಚುಕ್ಕೆಗಳ ವಿನ್ಯಾಸ ಮೂಡುತ್ತದೆ. ಆ ವಿನ್ಯಾಸದಿಂದ ಪರಮಾಣುಗಳ ಜೋಡಣೆಯನ್ನು ಗಣಿತದ ಮೂಲಕ ಅನುಮಾನಿಸಬೇಕು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ ಮತ್ತು ಫ್ಲಾರೆನ್ಸ್ ಬೆಲ್ 1938ರಲ್ಲೇ 3.4 ಆಂಗ್‌ಸ್ಟ್ರಾಂ ಅಂತರವನ್ನು ಗುರುತಿಸಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಮಾರಿಸ್ ವಿಲ್ಕಿನ್ಸ್ ಈ ಕಾರ್ಯವನ್ನು ಮುಂದುವರಿಸಿದ್ದರು. 1951ರ ಜನವರಿಯಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಅಲ್ಲಿಗೆ ಸೇರಿದರು. ತೇವಾಂಶಕ್ಕೆ ಅನುಗುಣವಾಗಿ ಡಿ.ಎನ್.ಎ. ಎ ಮತ್ತು ಬಿ ಎಂಬ ಎರಡು ರೂಪಗಳನ್ನು ತಾಳುತ್ತದೆಂಬುದನ್ನು ಅವರು ಸ್ಪಷ್ಟಪಡಿಸಿದರು. ಮುಂದೆ ‘51ನೆಯ ಛಾಯಾಚಿತ್ರ’ವೆಂದು ಪ್ರಸಿದ್ಧವಾದ ಬಿ ರೂಪದ ಚಿತ್ರವನ್ನು 1952ರ ಮೇ ತಿಂಗಳಿನಲ್ಲಿ ಅವರ ಮಾರ್ಗದರ್ಶನದಲ್ಲಿ ತೆಗೆದವರು ಸಂಶೋಧನ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್.

ಪಾಠಾಂತರಗಳು

1953ರ ಜನವರಿ 30ರಂದು ವಿಲ್ಕಿನ್ಸ್ ಈ ಚಿತ್ರವನ್ನು ಫ್ರಾಂಕ್ಲಿನ್ನರಿಗೆ ತಿಳಿಸದೆ ಜೇಮ್ಸ್ ವಾಟ್ಸನ್ನರಿಗೆ ತೋರಿಸಿದರು. ಫೆಬ್ರುವರಿಯಲ್ಲಿ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಮಾದರಿಯನ್ನು ರೂಪಿಸಿದರು. ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ಮೂರು ಲೇಖನಗಳು ಒಟ್ಟಿಗೆ ಅಚ್ಚಾದವು: ವಾಟ್ಸನ್–ಕ್ರಿಕ್ ಅವರದು ಮೊದಲು; ವಿಲ್ಕಿನ್ಸ್, ಸ್ಟೋಕ್ಸ್, ವಿಲ್ಸನ್ ಅವರದು ಅನಂತರ; ಫ್ರಾಂಕ್ಲಿನ್–ಗಾಸ್ಲಿಂಗ್ ಅವರದು ಕೊನೆಗೆ. ಈ ಅನುಕ್ರಮದಿಂದಾಗಿ ಪ್ರಾಯೋಗಿಕ ಆಧಾರವೇ ಮಾದರಿಯ ಸಮರ್ಥನೆಗೆ ಬಂದ ಪುರವಣಿಯಂತೆ ಕಾಣಿಸಿತು. ಫ್ರಾಂಕ್ಲಿನ್ 1958ರ ಏಪ್ರಿಲ್ 16ರಂದು ತಮ್ಮ 37ನೆಯ ವಯಸ್ಸಿನಲ್ಲಿ ತೀರಿಕೊಂಡರು. 1962ರ ನೊಬೆಲ್ ಪಾರಿತೋಷಕ ಕ್ರಿಕ್, ವಾಟ್ಸನ್, ವಿಲ್ಕಿನ್ಸ್ ಮೂವರಿಗೆ ಸಂದಿತು.

ಕಥೆಗೆ ಜನಪ್ರಿಯ ರೂಪ ಬಂದದ್ದು 1968ರಲ್ಲಿ ವಾಟ್ಸನ್ನರ ‘ದ ಡಬಲ್ ಹೆಲಿಕ್ಸ್’ ಗ್ರಂಥದಿಂದ. ಕ್ರಿಕ್ ಮತ್ತು ವಿಲ್ಕಿನ್ಸರೇ ಆಕ್ಷೇಪಿಸಿದ ಕಾರಣ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಕಾಶನ ಆ ಪುಸ್ತಕವನ್ನು ಕೈಬಿಟ್ಟಿತ್ತು. ಬೇರೆ ಪ್ರಕಾಶಕರಿಂದ ಅದು ಹೊರಬಂತು. ಜಾನಪದದ ಕಣ್ಣಿನಿಂದ ಓದಿದರೆ ಅದರ ಆಶಯಗಳು ಸುಲಭವಾಗಿ ಗುರುತಿಗೆ ಸಿಗುತ್ತವೆ. ಸಾಹಸಿಯಾದ ಕಿರಿಯ, ದೂರದೇಶದ ಬಲಿಷ್ಠ ಪ್ರತಿಸ್ಪರ್ಧಿಯಾಗಿ ಅಮೆರಿಕದ ಲೈನಸ್ ಪಾಲಿಂಗ್, ನಿಧಿಯನ್ನು ಕಾಯುತ್ತ ಯಾರನ್ನೂ ಹತ್ತಿರ ಬಿಡದ ಉಗ್ರಸ್ವಭಾವದ ಹೆಣ್ಣಾಗಿ ಫ್ರಾಂಕ್ಲಿನ್, ಕಡೆಗೆ ಒಂದೇ ನೋಟಕ್ಕೆ ಎಲ್ಲವನ್ನೂ ತೆರೆದಿಡುವ ಮಾಯಾವಸ್ತುವಾಗಿ ಛಾಯಾಚಿತ್ರ. 1975ರಲ್ಲಿ ಆನ್ ಸೇರ್ ಬರೆದ ಫ್ರಾಂಕ್ಲಿನ್ ಜೀವನಚರಿತ್ರೆ ಇದಕ್ಕೆ ಪ್ರತಿಪಾಠವನ್ನು ಒದಗಿಸಿತು. ಅಲ್ಲಿಂದ ಮುಂದೆ ಫ್ರಾಂಕ್ಲಿನ್ ನಿಧಿ ಕಾಯುವವಳ ಸ್ಥಾನದಿಂದ ನಿಧಿ ಕಳೆದುಕೊಂಡವಳ ಸ್ಥಾನಕ್ಕೆ ಬಂದರು. ಪಾತ್ರದ ಮೌಲ್ಯ ತಿರುಗುಮುರುಗಾಯಿತೇ ವಿನಾ ಮಾಯಾವಸ್ತುವಿನ ಆಶಯ ಎರಡೂ ಪಾಠಗಳಲ್ಲಿ ಹಾಗೆಯೇ ಉಳಿಯಿತು. ಇದು ಕಥನದ ಜಡತ್ವಕ್ಕೆ ಉತ್ತಮ ನಿದರ್ಶನ.

ವಾಸ್ತವದಲ್ಲಿ ಛಾಯಾಚಿತ್ರ ಮಾತ್ರದಿಂದ ರಚನೆ ಹೊರಡಲಾರದು. ಅದರಲ್ಲಿನ ಕತ್ತರಿಯಾಕಾರದ ವಿನ್ಯಾಸ ಸುರುಳಿಯನ್ನು ಸೂಚಿಸುತ್ತದೆ, ಅಷ್ಟೆ. ಎಳೆಗಳು ವಿರುದ್ಧಮುಖವಾಗಿವೆಯೆಂದು ಕ್ರಿಕ್ಕರಿಗೆ ಹೊಳೆದದ್ದು ಫ್ರಾಂಕ್ಲಿನ್ ಅಳೆದಿದ್ದ ಸ್ಫಟಿಕ ಸಮಮಿತಿಯ ವಿವರದಿಂದ. ಆ ವಿವರವಿದ್ದದ್ದು ವೈದ್ಯಕೀಯ ಸಂಶೋಧನ ಮಂಡಲಿಗೆ ಕಿಂಗ್ಸ್ ಕಾಲೇಜು ಸಲ್ಲಿಸಿದ್ದ ವರದಿಯಲ್ಲಿ. ಅದು ಕೇಂಬ್ರಿಜಿಗೆ ತಲುಪಿದ್ದು ಮ್ಯಾಕ್ಸ್ ಪೆರುಟ್ಸ್ ಮೂಲಕ. ಪ್ರತ್ಯಾಮ್ಲಗಳ ಸರಿಯಾದ ರಾಸಾಯನಿಕ ರೂಪವನ್ನು ವಾಟ್ಸನ್ನರಿಗೆ ತಿಳಿಸಿಕೊಟ್ಟವರು ಅದೇ ಕೊಠಡಿಯಲ್ಲಿದ್ದ ಜೆರ್ರಿ ಡೊನೊಹ್ಯೂ. ವರದಿ, ಕೋಷ್ಟಕ, ಸಹೋದ್ಯೋಗಿಯ ಒಂದು ಮಾತು ಇವು ಕಥೆಗೆ ಒಗ್ಗುವ ವಸ್ತುಗಳಲ್ಲ. ಆದ್ದರಿಂದ ಅವು ಉದುರಿಹೋಗಿವೆ. ಫ್ರಾಂಕ್ಲಿನ್ನರ ಸಹೋದ್ಯೋಗಿಯಾಗಿದ್ದ ಆರನ್ ಕ್ಲಗ್ ಅವರ ಟಿಪ್ಪಣಿಗಳನ್ನು ಪರಿಶೀಲಿಸಿ, ಅವರು 1953ರ ಮಾರ್ಚ್ ವೇಳೆಗೆ ತಾವಾಗಿಯೇ ಎರಡೆಳೆಯ ಸುರುಳಿಗೆ ಬಹಳ ಹತ್ತಿರ ಬಂದಿದ್ದರೆಂಬುದನ್ನು 1968ರಲ್ಲಿ ತೋರಿಸಿಕೊಟ್ಟರು. 2023ರಲ್ಲಿ ಮ್ಯಾಥ್ಯೂ ಕಾಬ್ ಮತ್ತು ನಥಾನಿಯಲ್ ಕಂಫರ್ಟ್ ಹೊಸದಾಗಿ ದೊರೆತ ಒಂದು ಪತ್ರ ಮತ್ತು ಅಪ್ರಕಟಿತ ಪತ್ರಿಕಾ ಲೇಖನದ ಆಧಾರದಿಂದ, ಫ್ರಾಂಕ್ಲಿನ್ನರನ್ನು ವಂಚನೆಗೊಳಗಾದವರೆಂದು ಮಾತ್ರ ಕಾಣುವುದು ಸಲ್ಲದು, ನಾಲ್ವರಲ್ಲಿ ಸಮಾನ ಪಾಲುದಾರರೆಂದು ಕಾಣಬೇಕು ಎಂದು ವಾದಿಸಿದರು. ಈ ಪಾಠ ಹೆಚ್ಚು ವಿಶ್ವಾಸಾರ್ಹವೆಂದು ತೋರುತ್ತದೆ. ಆದರೆ ನಾಲ್ವರು ಸಮಪಾಲಿನವರಾದ ಕಥೆ ಬಾಯಿಂದ ಬಾಯಿಗೆ ಹೋಗುವುದು ಕಷ್ಟ.

ಮಾದರಿಯಿಂದ ಪ್ರಮಾಣಕ್ಕೆ

ಮೇಲಿನ ಎಲ್ಲ ಪಾಠಾಂತರಗಳಲ್ಲಿಯೂ ಕಥೆ ಮುಗಿಯುವುದು 1953ರಲ್ಲೇ. ಮುಂದಿನದನ್ನು ಹೇಳುವವರು ವಿರಳ. ನಾರಿನಂತಹ ಡಿ.ಎನ್.ಎ.ಯಿಂದ ಮೂಡುವ ಕ್ಷ-ಕಿರಣ ಚಿತ್ರ ಪರಮಾಣುಗಳನ್ನು ಬಿಡಿಬಿಡಿಯಾಗಿ ತೋರಿಸುವುದಿಲ್ಲ. ಕೋಟ್ಯಂತರ ಅಣುಗಳ ಸರಾಸರಿ ರೂಪವನ್ನು ಮಾತ್ರ ಕೊಡುತ್ತದೆ. ಒಂದು ಮಾದರಿ ಆ ಚಿತ್ರಕ್ಕೆ ಹೊಂದುತ್ತದೆಯೆಂದು ಹೇಳಬಹುದೇ ಹೊರತು ಬೇರೆ ಯಾವ ಮಾದರಿಯೂ ಹೊಂದದೆಂದು ಹೇಳಲಾಗದು. ವಿಲ್ಕಿನ್ಸ್ ಮತ್ತು ಅವರ ತಂಡ ಇದನ್ನು ಅರಿತೇ ಮುಂದಿನ ಹಲವು ವರ್ಷಗಳನ್ನು ಮಾದರಿಯ ಪರಿಷ್ಕರಣೆಗೆ ಮುಡಿಪಾಗಿಟ್ಟರು. ಡೊನೊಹ್ಯೂ ಅವರೇ 1969ರಲ್ಲಿ ಆಧಾರಗಳ ಸಾಲದು ಎಂದು ಬಹಿರಂಗವಾಗಿ ಟೀಕಿಸಿದರು. ಕಾರ್ಸ್ಟ್ ಹೂಗ್ಸ್ಟೀನ್ ಅಡೆನಿನ್–ಥೈಮಿನ್‌ಗಳ ಬಿಡಿ ಸ್ಫಟಿಕಗಳಲ್ಲಿ ಕಂಡ ಜೋಡಣೆ ವಾಟ್ಸನ್–ಕ್ರಿಕ್ ಹೇಳಿದ್ದಕ್ಕಿಂತ ಭಿನ್ನವಾಗಿತ್ತು.

ಇದಕ್ಕೂ ಮಿಗಿಲಾದ ತೊಡಕು ಹಗ್ಗದ ತೊಡಕು. ಕೋಶ ವಿಭಜನೆಯ ಮುನ್ನ ಡಿ.ಎನ್.ಎ.ಯ ಎರಡು ಎಳೆಗಳು ಬೇರ್ಪಟ್ಟು ಒಂದೊಂದೂ ಹೊಸ ಜೊತೆಯನ್ನು ಕಟ್ಟಿಕೊಳ್ಳಬೇಕು. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯದ ಡಿ.ಎನ್.ಎ.ಯಲ್ಲಿ ಸುಮಾರು 46 ಲಕ್ಷ ಜೊತೆಗಳಿವೆ. ಎಂದರೆ ಎಳೆಗಳು ಒಂದನ್ನೊಂದು 4 ಲಕ್ಷಕ್ಕೂ ಹೆಚ್ಚು ಬಾರಿ ಸುತ್ತಿರಬೇಕು. ಮೇಲಾಗಿ ಅದು ತುದಿಯಿಲ್ಲದ ಬಳೆಯಾಕಾರದ ಅಣು. ಎರಡೂ ತುದಿ ಬಿಗಿದ ಹಗ್ಗಕ್ಕಿಂತ ಇದು ಕಠಿಣ. ಒಂದು ಗಂಟೆಗೂ ಕಡಿಮೆ ಅವಧಿಯಲ್ಲಿ ಇಷ್ಟು ಸುತ್ತುಗಳು ಗಂಟಿಕ್ಕಿಕೊಳ್ಳದೆ ಬಿಚ್ಚುವುದು ಹೇಗೆ? ವಾಟ್ಸನ್ ಮತ್ತು ಕ್ರಿಕ್ 1953ರ ಮೇ ತಿಂಗಳ ಎರಡನೆಯ ಲೇಖನದಲ್ಲಿ ಈ ತೊಂದರೆಯನ್ನು ಒಪ್ಪಿಕೊಂಡಿದ್ದರು. ಮ್ಯಾಕ್ಸ್ ಡೆಲ್‌ಬ್ರೂಕ್ 1954ರಲ್ಲಿ, ಎಳೆಗಳು ಅಲ್ಲಲ್ಲಿ ತುಂಡಾಗಿ ಮತ್ತೆ ಬೆಸೆದುಕೊಳ್ಳುತ್ತಿರಬಹುದೆಂದು ಊಹಿಸಿದರು.

ಬೆಂಗಳೂರಿನ ಪ್ರವೇಶ ಇಲ್ಲಿ. ಜಿ. ಎನ್. ರಾಮಚಂದ್ರನ್ ಅವರು ಮದರಾಸು ವಿಶ್ವವಿದ್ಯಾನಿಲಯದಲ್ಲಿ ಗೋಪಿನಾಥ್ ಕರ್ತಾ ಅವರೊಡನೆ 1954ರಲ್ಲಿ, ಚರ್ಮ ಮತ್ತು ಸ್ನಾಯುರಜ್ಜುಗಳಲ್ಲಿರುವ ಕೊಲ್ಯಾಜನ್ ಪ್ರೋಟೀನು ಮೂರೆಳೆಯ ಸುರುಳಿಯೆಂದು ಪ್ರತಿಪಾದಿಸಿದ್ದರು. 1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ ಪ್ರಕಟಿಸಿದ ‘ರಾಮಚಂದ್ರನ್ ನಕ್ಷೆ’ ಇಂದಿಗೂ ಜಗತ್ತಿನಾದ್ಯಂತ ಪ್ರೋಟೀನು ರಚನೆಗಳನ್ನು ಒರೆಗೆ ಹಚ್ಚುವ ಸಾಧನ. ತಾವು ವಿದ್ಯಾರ್ಥಿಯಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು 1970ರ ದಶಕದ ಆರಂಭದಲ್ಲಿ ಮರಳಿ ಅಣು ಜೀವಭೌತವಿಜ್ಞಾನ ಘಟಕವನ್ನು ಕಟ್ಟಿದರು. ಆ ಪರಂಪರೆಯ ವೈಶಿಷ್ಟ್ಯವೆಂದರೆ ಪರಮಾಣುಗಳು ಪರಸ್ಪರ ಒತ್ತರಿಸದೆ ಯಾವ ಯಾವ ಭಂಗಿಗಳಲ್ಲಿ ನಿಲ್ಲಬಲ್ಲವೆಂಬುದನ್ನು ಲೆಕ್ಕಹಾಕಿ, ಎಲ್ಲ ಸಾಧ್ಯತೆಗಳನ್ನೂ ಎದುರಿಗಿಟ್ಟುಕೊಂಡು ನೋಡುವುದು.

ಶಶಿಶೇಖರನ್ ಈ ವಿಧಾನವನ್ನು ಡಿ.ಎನ್.ಎ.ಗೆ ಅನ್ವಯಿಸಿದಾಗ ಎಡಸುರುಳಿಯೂ ರಾಸಾಯನಿಕವಾಗಿ ಅಸಾಧ್ಯವಲ್ಲವೆಂದು ಕಂಡಿತು. 1976ರಲ್ಲಿ ಅವರು ಮತ್ತು ಎನ್. ಪಟ್ಟಾಭಿರಾಮನ್ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಪರ್ಯಾಯ ಮಾದರಿಯನ್ನು ಮುಂದಿಟ್ಟರು. ಅದರಂತೆ ಎಳೆಗಳು ಸ್ವಲ್ಪ ದೂರ ಬಲಕ್ಕೆ ಹೊರಳಿ, ಮತ್ತಷ್ಟು ದೂರ ಎಡಕ್ಕೆ ಹೊರಳಿ, ಒಟ್ಟಿನಲ್ಲಿ ಒಂದನ್ನೊಂದು ಸುತ್ತದೆ ಪಕ್ಕಪಕ್ಕದಲ್ಲಿ ಸಾಗುತ್ತವೆ. ಜೊತೆಗೂಡುವಿಕೆ ಮಾತ್ರ ವಾಟ್ಸನ್–ಕ್ರಿಕ್ ಹೇಳಿದಂತೆಯೇ. ಇಂತಹ ಎಳೆಗಳನ್ನು ಬಿಚ್ಚುವ ಗೋಜಿಲ್ಲದೆ ಅಗಲಿಸಬಹುದು. ಅದೇ ವರ್ಷ ನ್ಯೂಜಿಲೆಂಡಿನ ರಾಡ್ಲಿ ಮತ್ತು ಸಂಗಡಿಗರು ಸ್ವತಂತ್ರವಾಗಿ ಇಂತಹದೇ ಮಾದರಿಯನ್ನು ಪ್ರಕಟಿಸಿದ್ದರು. ಪರಸ್ಪರ ಸಂಪರ್ಕವಿಲ್ಲದ ಎರಡು ನೆಲಗಳಲ್ಲಿ ಒಂದೇ ಕಥೆ ಹುಟ್ಟುವ ಬಹುಮೂಲ ಸಿದ್ಧಾಂತ ಜಾನಪದದಲ್ಲಿ ಚಿರಪರಿಚಿತ. ಪರಿಹರಿಸಬೇಕಾದ ತೊಡಕು ಒಂದೇ ಆಗಿದ್ದಾಗ ಉತ್ತರಗಳೂ ಹೋಲುತ್ತವೆ.

ಪಶ್ಚಿಮದ ಪಾಠವನ್ನು ಪ್ರಶ್ನಿಸಿದ ಬೆಂಗಳೂರಿನ ಈ ವಾದವನ್ನು ಇಂದು ದೇಶಾಭಿಮಾನದಿಂದ ಎತ್ತಿ ಮೆರೆಸುವುದಾಗಲಿ, ಸೋತ ವಾದವೆಂದು ತಳ್ಳಿಹಾಕುವುದಾಗಲಿ ಉಚಿತವಲ್ಲ. ಅದಕ್ಕೆ ಸಂದ ಉತ್ತರಗಳನ್ನು ನೋಡಿದರೆ ಅದರ ಮೌಲ್ಯ ತಿಳಿಯುತ್ತದೆ. ಕ್ರಿಕ್, ಜೇಮ್ಸ್ ವಾಂಗ್ ಮತ್ತು ವಿಲಿಯಂ ಬಾವರ್ 1979ರಲ್ಲಿ ಬರೆದ ಲೇಖನದ ಶೀರ್ಷಿಕೆಯೇ ಡಿ.ಎನ್.ಎ. ನಿಜಕ್ಕೂ ಎರಡೆಳೆಯ ಸುರುಳಿಯೇ ಎಂಬ ಪ್ರಶ್ನೆಯ ರೂಪದಲ್ಲಿತ್ತು. ಇಪ್ಪತ್ತಾರು ವರ್ಷಗಳ ಬಳಿಕ ಮಾದರಿಯ ಕರ್ತೃವೇ ಈ ಪ್ರಶ್ನೆಯನ್ನು ಎತ್ತಿಕೊಂಡು ಉತ್ತರಿಸಬೇಕಾಯಿತು. ಬಳೆಯಾಕಾರದ ಡಿ.ಎನ್.ಎ.ಯಲ್ಲಿ ಒಂದು ಎಳೆ ಇನ್ನೊಂದನ್ನು ಎಷ್ಟು ಬಾರಿ ಸುತ್ತಿದೆಯೆಂಬುದನ್ನು ಪ್ರಯೋಗದಿಂದ ಎಣಿಸಬಹುದು. ಸುಮಾರು ಹತ್ತು ಜೊತೆಗೆ ಒಂದು ಸುತ್ತು ಇದ್ದೇ ಇದೆಯೆಂದು ಅವರು ತೋರಿಸಿದರು. ಬಿಚ್ಚುವ ತೊಡಕಿಗೂ ಪರಿಹಾರ ಆ ವೇಳೆಗೆ ದೊರಕಿತ್ತು. 1971ರಲ್ಲಿ ವಾಂಗ್ ಶೋಧಿಸಿದ ಟೋಪೋಐಸೋಮರೇಸ್ ಎಂಬ ಬಗೆಯ ಕಿಣ್ವಗಳು ಎಳೆಯನ್ನು ಕತ್ತರಿಸಿ, ಹುರಿ ಇಳಿಸಿ, ಮತ್ತೆ ಬೆಸೆಯುತ್ತವೆ. ಡೆಲ್‌ಬ್ರೂಕರ ಊಹೆ ಬಹುಮಟ್ಟಿಗೆ ನಿಜವಾಯಿತು.

ನೇರ ಸಾಕ್ಷ್ಯ ಬಂದದ್ದು ಸ್ಫಟಿಕಗಳಿಂದ. ರಾಸಾಯನಿಕವಾಗಿ ತಯಾರಿಸಿದ ಚಿಕ್ಕ ಡಿ.ಎನ್.ಎ. ತುಣುಕುಗಳನ್ನು ಸ್ಫಟಿಕವಾಗಿಸಿದಾಗ ಪರಮಾಣುಗಳ ಸ್ಥಾನವನ್ನು ಬಿಡಿಬಿಡಿಯಾಗಿ ನಿರ್ಧರಿಸಲು ಸಾಧ್ಯ. 1973ರಲ್ಲಿ ಅಮೆರಿಕದ ಅಲೆಕ್ಸಾಂಡರ್ ರಿಚ್ ಅವರ ತಂಡ ಆರ್.ಎನ್.ಎ.ಯ ತೀರ ಕಿರಿದಾದ ತುಣುಕುಗಳಲ್ಲಿ ವಾಟ್ಸನ್–ಕ್ರಿಕ್ ಬಗೆಯ ಜೋಡಣೆಯನ್ನು ಕಂಡಿತ್ತು. 1978ರ ‘ನೇಚರ್’ ಪತ್ರಿಕೆಯಲ್ಲಿ ಡಿ.ಎನ್.ಎ.ಯದೇ ಎರಡೆಳೆಯ ತುಣುಕೊಂದನ್ನು ಪರಮಾಣು ಮಟ್ಟದಲ್ಲಿ ವಿವರಿಸಿದ ಲೇಖನ ಪ್ರಕಟವಾಯಿತು. ನಾಲ್ಕು ಘಟಕಗಳ ಆ ತುಣುಕಿನಲ್ಲಿ ಅಡೆನಿನ್ ಮತ್ತು ಥೈಮಿನ್‌ಗಳು ಸರದಿಯಂತೆ ಜೋಡಣೆಗೊಂಡಿದ್ದವು. ಲೇಖನದ ಮೊದಲ ಹೆಸರು ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದ ಎಂ. ಎ. ವಿಶ್ವಾಮಿತ್ರ ಅವರದು, ಕೇಂಬ್ರಿಜಿನ ಓಲ್ಗಾ ಕೆನಾರ್ಡ್ ಮತ್ತು ಅವರ ತಂಡದವರು ಸಹಲೇಖಕರು. ಅದರಲ್ಲಿ ಕಂಡ ಜೋಡಣೆ ವಾಟ್ಸನ್–ಕ್ರಿಕ್ ಬಗೆಯದೇ ಆಗಿತ್ತು. ಆದರೆ ಸುರುಳಿ ಎಲ್ಲೆಡೆ ಏಕಪ್ರಕಾರವಾಗಿರಲಿಲ್ಲ; ಸಕ್ಕರೆ ಉಂಗುರಗಳ ಬಾಗು ಘಟಕದಿಂದ ಘಟಕಕ್ಕೆ ಬದಲಾಗುತ್ತಿತ್ತು. ಅಕ್ಷರಗಳ ಅನುಕ್ರಮಕ್ಕೆ ತಕ್ಕಂತೆ ಅಣುವಿನ ಆಕಾರದಲ್ಲಿಯೂ ಸೂಕ್ಷ್ಮ ವ್ಯತ್ಯಾಸಗಳಿರುತ್ತವೆ, ಪ್ರೋಟೀನುಗಳು ತಮಗೆ ಬೇಕಾದ ಸ್ಥಳವನ್ನು ಗುರುತಿಸಲು ಅವು ನೆರವಾಗಬಹುದು ಎಂಬ ಪ್ರಮೇಯವನ್ನು 1979ರಲ್ಲಿ ಕ್ಲಗ್, ವಿಶ್ವಾಮಿತ್ರ, ಕೆನಾರ್ಡ್ ಮೊದಲಾದವರು ಜಂಟಿಯಾಗಿ ಮಂಡಿಸಿದರು. ಫ್ರಾಂಕ್ಲಿನ್ನರ ಟಿಪ್ಪಣಿಗಳನ್ನು ಬೆಳಕಿಗೆ ತಂದ ಕ್ಲಗ್ ಅವರೇ ಇವರು. ಕಳಚಿಹೋಗಿದ್ದ ಎರಡು ಎಳೆಗಳು ಈ ಒಂದು ಲೇಖನದಲ್ಲಿ ಕೂಡಿಕೊಳ್ಳುತ್ತವೆ.

1979ರ ಕೊನೆಯಲ್ಲಿ ಮತ್ತೊಂದು ತಿರುವು ಬಂತು. ರಿಚ್ ಅವರ ತಂಡ ಬಿಡಿಸಿದ ಸ್ಫಟಿಕದಲ್ಲಿದ್ದ ಡಿ.ಎನ್.ಎ. ಎಡಸುರುಳಿಯಾಗಿತ್ತು, ಅದಕ್ಕೆ ಜ಼ಡ್ ರೂಪವೆಂದು ಹೆಸರಾಯಿತು. ಶಶಿಶೇಖರನ್ ಪರಿಕಲ್ಪಿಸಿದ ಎಡಸುರುಳಿಗಿಂತ ಅದರ ವಿವರಗಳು ಬೇರೆ. ಆದರೂ ಎಡಕ್ಕೆ ಹೊರಳುವುದು ಸಾಧ್ಯವೆಂಬ ಬೆಂಗಳೂರಿನ ಮೂಲವಾದ ಅಷ್ಟರಮಟ್ಟಿಗೆ ಸಮರ್ಥನೆ ಪಡೆಯಿತು. 1980ರಲ್ಲಿ ಗೌತಮ್ ಗುಪ್ತ, ಮಂಜು ಬನ್ಸಲ್ ಮತ್ತು ಶಶಿಶೇಖರನ್ ಡಿ.ಎನ್.ಎ.ಯ ಬಹುರೂಪತೆ ಮತ್ತು ಸುರುಳಿಯ ದಿಕ್ಕನ್ನು ಕುರಿತು ವಿಸ್ತಾರವಾಗಿ ಬರೆದರು. ಅದೇ ವರ್ಷ ರಿಚರ್ಡ್ ಡಿಕರ್‌ಸನ್ ಅವರ ತಂಡ ಹನ್ನೆರಡು ಜೊತೆಗಳ, ಎಂದರೆ ಒಂದು ಪೂರ್ತಿ ಸುತ್ತಿನ, ಬಿ ರೂಪದ ಸ್ಫಟಿಕವನ್ನು ಬಿಡಿಸಿತು. ಅದು ಬಲಸುರುಳಿ. 1953ರ ಮಾದರಿಗೆ ಕಣ್ಣಿಗೆ ಕಾಣುವ ಪ್ರಮಾಣ ದೊರೆತದ್ದು ಆಗ. ಪಕ್ಕಪಕ್ಕದ ಎಳೆಗಳ ಮಾದರಿ ಹಿಂದೆ ಸರಿಯಿತು. ಆದರೆ ಡಿ.ಎನ್.ಎ. ಒಂದು ಗಟ್ಟಿಯಾದ ಏಕರೂಪದ ಕಂಬವೆಂಬ ಹಳೆಯ ಕಲ್ಪನೆಯೂ ಅದರೊಂದಿಗೇ ಹಿಂದೆ ಸರಿಯಿತು.

ಪರಿಣಾಮಗಳು

ಇದರ ವೈಜ್ಞಾನಿಕ ಪರಿಣಾಮಗಳನ್ನು ಕುರಿತ ಪಟ್ಟಿ ಎಲ್ಲ ವಿಶ್ವಕೋಶಗಳಲ್ಲಿ ದೊರೆಯುತ್ತದೆಯಾಗಿ ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಪ್ರತಿ ಹೊಸ ಅಣುವಿನಲ್ಲಿ ಒಂದು ಹಳೆಯ ಎಳೆ ಉಳಿದಿರುತ್ತದೆಂದು ಮೆಸೆಲ್‌ಸನ್ ಮತ್ತು ಸ್ಟಾಲ್ 1958ರಲ್ಲಿ ತೋರಿಸಿದರು. ನಿರೆನ್‌ಬರ್ಗ್, ಹರಗೋವಿಂದ ಖುರಾನ ಮೊದಲಾದವರು 1960ರ ದಶಕದಲ್ಲಿ ಅಕ್ಷರಗಳ ಸಂಕೇತಾರ್ಥವನ್ನು ಬಿಡಿಸಿದರು. 1977ರಲ್ಲಿ ಫ್ರೆಡರಿಕ್ ಸ್ಯಾಂಗರ್ ಅಕ್ಷರಗಳನ್ನು ಸಾಲಾಗಿ ಓದುವ ಸುಲಭ ವಿಧಾನವನ್ನು ರೂಪಿಸಿದರು. 1984ರಲ್ಲಿ ಅಲೆಕ್ ಜೆಫ್ರೀಸ್ ವ್ಯಕ್ತಿಯನ್ನು ಗುರುತಿಸುವ ಬೆರಳಚ್ಚು ವಿಧಾನವನ್ನು ಕಂಡುಕೊಂಡರು. ಮನುಷ್ಯನ ಸುಮಾರು 300 ಕೋಟಿ ಅಕ್ಷರಗಳ ಓದು 2003ರಲ್ಲಿ ಮುಗಿದಿದೆಯೆಂದು ಘೋಷಣೆಯಾಯಿತು. ಅಲ್ಲಲ್ಲಿ ಉಳಿದಿದ್ದ ಖಾಲಿ ಜಾಗಗಳು ತುಂಬಿದ್ದು 2022ರಲ್ಲಿ.

ಜಾನಪದ ಅಧ್ಯಯನಕ್ಕೆ ನೇರವಾಗಿ ಸಂಬಂಧಿಸಿದ ಪರಿಣಾಮವೆಂದರೆ ಸಮುದಾಯಗಳ ಮೂಲದ ಪ್ರಶ್ನೆ. ಕರ್ನಾಟಕ ಮತ್ತು ಗುಜರಾತಿನ ಸಿದ್ದಿ ಸಮುದಾಯದವರ ಡಿ.ಎನ್.ಎ.ಯನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ ಫಲಿತಾಂಶ, ಅವರ ಪೂರ್ವಜರಲ್ಲಿ ಬಹುಪಾಲಿನವರು ಆಫ್ರಿಕದ ಬಾಂಟು ಭಾಷಿಕ ಜನಸಮೂಹಗಳಿಗೆ ಸೇರಿದವರೆಂದೂ, ಈ ನೆಲದ ಜನರೊಡನೆ ಬೆರಕೆ ಕೆಲವೇ ತಲೆಮಾರುಗಳ ಹಿಂದಿನದೆಂದೂ ತಿಳಿಸುತ್ತದೆ. ಚರಿತ್ರೆಗೆ ಇದು ಬೆಲೆಯುಳ್ಳ ಸಾಕ್ಷ್ಯ. ಆದರೆ ಉತ್ತರ ಕನ್ನಡದ ಸಿದ್ದಿಯರ ಡಮಾಮಿ ವಾದ್ಯ ಮತ್ತು ಕುಣಿತದಲ್ಲಿ ಯಾವುದು ಹೊತ್ತು ತಂದದ್ದು, ಯಾವುದು ಇಲ್ಲಿಯ ಕಾಡಿನ ಅಂಚಿನಲ್ಲಿ ಹುಟ್ಟಿದ್ದು ಎಂಬುದಕ್ಕೆ ಅಣುವಿನಲ್ಲಿ ಉತ್ತರವಿಲ್ಲ. ಅದಕ್ಕೆ ಕ್ಷೇತ್ರಕಾರ್ಯವೇ ದಾರಿ. ಕುಲಮೂಲದ ಪುರಾಣವನ್ನು ಡಿ.ಎನ್.ಎ. ಸುಳ್ಳಾಗಿಸಿತೆಂದು ಆತುರದಿಂದ ಸಾರುವವರು ಪುರಾಣದ ಕೆಲಸವೇನೆಂಬುದನ್ನು ಮರೆತಿರುತ್ತಾರೆ. ಒಂದು ಸಮುದಾಯ ಇತರರ ನಡುವೆ ತನಗೆ ಎಂತಹ ಸ್ಥಾನವನ್ನು ಕೇಳುತ್ತಿದೆ ಎಂಬುದನ್ನು ಪುರಾಣ ಹೇಳುತ್ತದೆ.

ಬೆಳೆಗಳ ವಿಷಯದಲ್ಲಿ ಅಣುವಿನ ಓದು ನಮ್ಮ ಸೀಮೆಯ ಹೊಲ ತೋಟಗಳವರೆಗೂ ಬಂದಿದೆ. ಜಗತ್ತಿನ ನಾನಾ ಕಡೆಯ 1,300ಕ್ಕೂ ಹೆಚ್ಚು ತೆಂಗಿನ ಮರಗಳ ಡಿ.ಎನ್.ಎ.ಯನ್ನು ಹೋಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ, ತೆಂಗಿನಲ್ಲಿ ಶಾಂತಸಾಗರದ ಕಡೆಯದು, ಹಿಂದೂ ಮಹಾಸಾಗರ–ಅಟ್ಲಾಂಟಿಕ್ ಕಡೆಯದು ಎಂಬ ಎರಡು ಪ್ರತ್ಯೇಕ ವಂಶಗಳಿವೆಯೆಂದೂ, ತೆಂಗಿನ ಸಾಗುವಳಿ ಎರಡು ಕಡೆ ಬೇರೆಬೇರೆಯಾಗಿ ಆರಂಭವಾಗಿರಬೇಕೆಂದೂ ಸೂಚಿಸಿತು. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನ ಕೇಂದ್ರವಾಗಿ ಆರಂಭವಾದ ಇಂದಿನ ಕೇಂದ್ರೀಯ ತೋಟಪಟ್ಟಿ ಬೆಳೆಗಳ ಸಂಶೋಧನ ಸಂಸ್ಥೆ ಗಿಡ್ಡ ತಳಿಯೊಂದರ ಜೀನೋಮನ್ನು ಓದುವ ಕಾರ್ಯವನ್ನು ಕೈಗೊಂಡಿದೆ.

ರಾಗಿಯ ವೃತ್ತಾಂತ ಇದಕ್ಕಿಂತ ಸ್ವಾರಸ್ಯಕರ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತದೊಡನೆ ವಾದಿಸಿ ರಾಮನಿಂದ ಗೌರವ ಪಡೆಯುವ ಈ ಧಾನ್ಯ ಮೂಲತಃ ಪೂರ್ವ ಆಫ್ರಿಕದ ಎತ್ತರದ ಪ್ರದೇಶದ್ದೆಂಬುದು ಸಸ್ಯವಿಜ್ಞಾನಿಗಳ ಅಭಿಮತ. ಮಂಡ್ಯದ ವಿ. ಸಿ. ಫಾರಂನಲ್ಲಿ ತಳಿ ಅಭಿವೃದ್ಧಿಗೆ ದುಡಿದ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದಾಗ ದೂರವಾಗಿದ್ದ ದಾಯಾದಿಗಳನ್ನು ಒಂದುಗೂಡಿಸಿದಂತಾಯಿತು. ಒಂದು ಅಕ್ಷರವನ್ನೂ ಓದದೆ, ತೆನೆ ಮತ್ತು ಗಿಡದ ಗುಣಗಳನ್ನು ನೋಡಿಯೇ ಅವರು ಅದನ್ನು ಸಾಧಿಸಿದರು. 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಎಂ.ಎಲ್. 365 ಎಂಬ ತಳಿಯ ಜೀನೋಮನ್ನು ಓದಿ ಪ್ರಕಟಿಸಿದರು. ಅದರಲ್ಲಿ ಅವರು ಗುರುತಿಸಿದ ವಂಶವಾಹಿಗಳ ಸಂಖ್ಯೆ 85 ಸಾವಿರಕ್ಕೂ ಮಿಗಿಲು. ರಾಗಿಯ 36 ವರ್ಣತಂತುಗಳು ಎರಡು ಬೇರೆಬೇರೆ ಹುಲ್ಲುಗಳಿಂದ ಬಂದು ಕೂಡಿಕೊಂಡವು. ತಾಯಿಯ ಕಡೆಯದು ಎಲ್ಯೂಸಿನ್ ಇಂಡಿಕ ಎಂಬ ಪ್ರಭೇದ. ನಮ್ಮ ಹೊಲಗಳ ಬದುವಿನಲ್ಲಿ ಇಂದಿಗೂ ಕಳೆಯಾಗಿ ಬೆಳೆಯುವ ಹುಲ್ಲು ಅದು. ತಂದೆಯ ಕಡೆಯ ಹುಲ್ಲು ಯಾವುದೆಂಬುದು ಇನ್ನೂ ಪತ್ತೆಯಾಗಿಲ್ಲ. ಅದು ನೆಲದಿಂದಲೇ ಅಳಿದುಹೋಗಿರಬಹುದೆಂದು ಕೆಲವರು ಶಂಕಿಸುತ್ತಾರೆ.